ತೋಟದ ಲೈನಿನ ಅಪ್ಪ-ಅಮ್ಮಂದಿರು ಶಾಲೆಯ ಸಭೆಗೆ ಬರ್ತಿಲ್ಲ, ಮೊದಲು ಏನು ಬದಲಾಯಿಸಬೇಕು?

ಮೂಡಿಗೆರೆ_ಟೀಚರ್
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಸುತ್ತ ಕಾಫಿ ತೋಟ. ಊರಿನ ಮನೆಗಳ ಮಕ್ಕಳು ಅರ್ಧದಷ್ಟು ಇದ್ದಾರೆ. ಉಳಿದವರಲ್ಲಿ ಬ್ಯಾರಿ ಮಾತಾಡುವವರು, ತುಳುವಿನವರು, ಹಸಲರು ಅನ್ನೋ ಬುಡಕಟ್ಟಿನ ಹಾಡಿಯವರು, ಈಗೀಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಲೈನ್ ಮನೆಗಳಿಗೆ (ತೋಟದ ಕೂಲಿಯವರ ಸಾಲು ಮನೆಗಳು) ಬಂದವರು. ಪೋಷಕರ ಸಭೆ ಅಂತ ಚೀಟಿ ಕಳಿಸಿದರೆ ಬರೋದು ಊರಿನವರು ಮಾತ್ರ. "ಲೈನಿನವರಿಗೆ ಆಸಕ್ತಿ ಇಲ್ಲ ಬಿಡಿ" ಅನ್ನೋ ಮಾತು ಸ್ಟಾಫ್ ರೂಮಿನಲ್ಲಿ ಬೇರೂರಿಬಿಟ್ಟಿದೆ. ನಾನು ಒಪ್ಪಲ್ಲ. ಆಸಕ್ತಿ ಇಲ್ಲದವರು ಜುಲೈ ಮಳೆಯಲ್ಲಿ ಮಗುವಿನ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಕಟ್ಟಿ ಗೇಟಿನ ತನಕ ಬಿಟ್ಟು ಹೋಗಲ್ಲ. ಗೇಟಿನಿಂದ ಒಳಗೆ ಬರೋದಕ್ಕೆ ನಮ್ಮ ಕಡೆಯಿಂದ ಏನು ಅಡ್ಡ ಇದೆ? ಮಾಡೋ ಕ್ರಮ ಹೇಳಿ ದಯವಿಟ್ಟು.

ಆಲ್ದೂರು_ರೈಟರ್
ಸಭೆ ಎಷ್ಟು ಗಂಟೆಗೆ ಇಡ್ತೀರಿ?

ಮೂಡಿಗೆರೆ_ಟೀಚರ್
ಹನ್ನೊಂದಕ್ಕೆ. ವಾರದ ನಡುವೆ.

ಆಲ್ದೂರು_ರೈಟರ್
ಅಲ್ಲೇ ಇದೆ ಉತ್ತರ. ನವೆಂಬರಿನಿಂದ ಅರೇಬಿಕಾ ಹಣ್ಣು, ಜನವರಿಯಿಂದ ರೋಬಸ್ಟಾ, ಅದರ ಬೆನ್ನಿಗೇ ಮೆಣಸು. ಕೊಯ್ಲಿನಲ್ಲಿ ಕಿಲೋ ಲೆಕ್ಕದ ದುಡ್ಡು. ಗಂಡ-ಹೆಂಡತಿ ಒಂದೇ ಸಾಲು ಹಿಡಿದು ಕೊಯ್ತಾರೆ, ಒಬ್ಬರು ಎದ್ದು ಹೋದರೆ ಇನ್ನೊಬ್ಬರ ಕೈಯೂ ನಿಧಾನ ಆಗುತ್ತೆ. ಮಧ್ಯಾಹ್ನ ವಾಪಸ್ ಬಂದವರಿಗೆ ಹಣ್ಣು ತುಂಬಿದ ಸಾಲು ಉಳಿದಿರಲ್ಲ. ಮಳೆಗಾಲದಲ್ಲಿ ಹಾಜರಿ ಕೆಲಸ ಇದ್ದಾಗಲೂ ಅರ್ಧ ಹಾಜರಿ ಕಟ್ ಆಗುತ್ತೆ. ನಿಮ್ಮ ಸಭೆಗೆ ಬರೋದು ಅಂದರೆ ಅವರ ಲೆಕ್ಕದಲ್ಲಿ ದುಡ್ಡು ಕೊಟ್ಟು ಬೈಸಿಕೊಳ್ಳೋದು.

ಎರಡು ಹೊತ್ತು ಸರಿ ಹೋಗುತ್ತೆ. ಬಟವಾಡೆ ದಿನ ಸಂಜೆ, ಇಲ್ಲಾ ಸಂತೆ ದಿನ ಬೆಳಿಗ್ಗೆ ಎಂಟರಿಂದ ಒಂಬತ್ತು. ಸಂತೆ ದಿನ ತೋಟಕ್ಕೆ ರಜೆ, ಜೀಪು ಹೊರಡೋ ತನಕ ಎಲ್ಲರೂ ಲೈನಿನಲ್ಲೇ ಇರ್ತಾರೆ.

ಸಕಲೇಶಪುರದವ
ಸಂಜೆ ಅಂತ ಬರೆಯೋವಾಗ ಆನೆ ಮರೀಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಎಲ್ಲಾ ಕಡೆ ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಹೆಂಗಸರು ಮಕ್ಕಳನ್ನು ನಡೆಸೋದು ತರವಲ್ಲ. ಐದೂವರೆಗೆ ಮುಗಿಯಬೇಕು, ಡಿಸೆಂಬರಿನಲ್ಲಿ ಐದಕ್ಕೇ. ಅರಣ್ಯ ಇಲಾಖೆಯ ಎಚ್ಚರಿಕೆ ಮೆಸೇಜು ಬಂದ ದಿನ ಸಭೆ ಮುಂದಕ್ಕೆ ಹಾಕಿ, ಯೋಚನೆ ಬೇಡ.

ಆಲ್ದೂರು_ರೈಟರ್
ಖಂಡಿತ. ಹಾಗಾಗಿಯೇ ನನ್ನ ಓಟು ಸಂತೆ ದಿನದ ಬೆಳಿಗ್ಗೆಗೆ. ಟೀಚರು ಲೈನಿಗೆ ಹೋಗೋದು, ಅವರು ಶಾಲೆಗೆ ಬರೋದಲ್ಲ. ಕನಿಷ್ಠ ಮೊದಲ ಎರಡು ಸಭೆ.

ಸಿಆರ್‌ಪಿ_ಬೇಲೂರು
ಹೊತ್ತು, ಜಾಗ ಸರಿ. ಮೂರನೇದು ಚೀಟಿ. ಕನ್ನಡದಲ್ಲಿ "ಪೋಷಕರು ತಪ್ಪದೇ ಹಾಜರಾಗತಕ್ಕದ್ದು" ಅಂತ ಅಚ್ಚು ಮಾಡಿ ಕಳಿಸಿದರೆ ಓದು ಬಾರದವರಿಗೆ ಅದು ಪೊಲೀಸ್ ನೋಟಿಸು ಇದ್ದ ಹಾಗೆ. ಅದರ ಬದಲು ಅರ್ಧ ನಿಮಿಷದ ವಾಯ್ಸ್ ಮೆಸೇಜು. ಪಠ್ಯ ಹೀಗಿರಲಿ:

"ನಮಸ್ಕಾರ. ನಾನು ನಿಮ್ಮ ಮಗುವಿನ ಮೂರನೇ ಕ್ಲಾಸಿನ ಟೀಚರ್. ಸಂತೆ ದಿನ ಬೆಳಿಗ್ಗೆ ಎಂಟಕ್ಕೆ ನಿಮ್ಮ ಲೈನಿನ ನೀರಿನ ಟ್ಯಾಂಕ್ ಹತ್ತಿರ ಬರ್ತೇನೆ. ಅರ್ಧ ಗಂಟೆ ಮಾತ್ರ. ಮಗು ಏನು ಕಲಿತಿದೆ ಅಂತ ತೋರಿಸ್ತೇನೆ. ದುಡ್ಡು ತರೋದು ಬೇಡ, ಕಾಗದ ಪತ್ರ ಬೇಡ. ಚಿಕ್ಕ ಮಗು ಇದ್ದರೆ ಎತ್ಕೊಂಡೇ ಬನ್ನಿ."

"ದುಡ್ಡು ಬೇಡ, ಕಾಗದ ಬೇಡ" ಅನ್ನೋ ಸಾಲು ಬಿಡಲೇಬೇಡಿ. ಶಾಲೆ ಕರೆದರೆ ಒಂದೋ ವಂತಿಗೆ, ಇಲ್ಲಾ ದಾಖಲೆ ಅನ್ನೋದು ಎಷ್ಟೋ ಮನೆಗಳ ಎಣಿಕೆ. ಇದನ್ನೇ ಅವರ ಭಾಷೆ ಬಲ್ಲವರ ಬಾಯಲ್ಲಿ ರೆಕಾರ್ಡ್ ಮಾಡಿಸಿ. ಗೂಗಲ್ ಅನುವಾದದಲ್ಲಿ 2022ರಿಂದ ಅಸ್ಸಾಮಿ ಇದೆ, 2024ರಿಂದ ಸಂತಾಲಿಯೂ ಇದೆ. ಆದರೆ ಯಂತ್ರ ಕೊಟ್ಟದ್ದನ್ನು ಆ ಭಾಷೆಯವರಿಗೆ ಕೇಳಿಸದೆ ಕಳಿಸಬೇಡಿ.

ಮತ್ತೆ ಅಸ್ಸಾಂ ಅಂದ ಕೂಡಲೇ ಅಸ್ಸಾಮಿ, ಉತ್ತರದವರು ಅಂದ ಕೂಡಲೇ ಹಿಂದಿ ಅಂದುಕೊಳ್ಳಬೇಡಿ. ಒಂದೇ ಲೈನಿನಲ್ಲಿ ಬಂಗಾಳಿ, ಸಾದ್ರಿ, ಬೋಡೊ, ಸಂತಾಲಿ ನಾಲ್ಕೂ ಇರಬಹುದು. ದಾಖಲಾತಿ ದಿನವೇ ಕೇಳಿ: ಅಮ್ಮ ಮಗುವಿನ ಹತ್ತಿರ ಯಾವ ಮಾತು ಆಡ್ತಾಳೆ? ಅಪ್ಪ? ಅಜ್ಜಿ ಜೊತೆಗಿದ್ದರೆ ಅವರು? ಫೋನಿನಲ್ಲಿ ಯಾವ ಭಾಷೆಯ ಹಾಡು ಹಾಕ್ತಾರೆ? ನಾಲ್ಕೂ ಉತ್ತರ ಬೇರೆ ಬೇರೆ ಬರೋದುಂಟು.

ಅಂಗನವಾಡಿ_ಅಕ್ಕ
ದುಭಾಷಿ ಯಾರು ಅನ್ನೋದೇ ಎಲ್ಲಕ್ಕಿಂತ ಸೂಕ್ಷ್ಮ. ಮೇಸ್ತ್ರಿಯನ್ನು ಕೂರಿಸಿದರೆ ಯಾರೂ ಬಾಯಿ ಬಿಡಲ್ಲ. ಮುಂಗಡ ಕೊಟ್ಟು ಕರ್ಕೊಂಡು ಬಂದವನು ಅವನೇ, ಅವನೆದುರು "ಮಗಳನ್ನು ಕೆಲಸಕ್ಕೆ ಕರೀತಾರೆ" ಅಂತ ಯಾವ ತಾಯಿ ಹೇಳ್ತಾಳೆ? ರೈಟರ್ ಅಣ್ಣ ಬೇಜಾರು ಮಾಡ್ಕೋಬಾರದು, ತೋಟದ ಲೆಕ್ಕ ಬರೆಯೋ ರೈಟರೂ ಅಲ್ಲಿ ಇರಬಾರದು.

ಮಕ್ಕಳನ್ನು ದುಭಾಷಿ ಮಾಡೋದು ಇನ್ನೂ ಕೆಟ್ಟದ್ದು. ಏಳನೇ ಕ್ಲಾಸಿನ ಹುಡುಗಿ ತನ್ನ ತಮ್ಮನ ದೂರನ್ನು ತಾನೇ ಅಮ್ಮನಿಗೆ ಹೇಳಬೇಕು ಅಂದರೆ ಅರ್ಧ ನುಂಗ್ತಾಳೆ, ಇಲ್ಲಾ ಮನೇಲಿ ಪೆಟ್ಟು ಬೀಳುತ್ತೆ. ಮೇಲಾಗಿ ಅಮ್ಮನ ಗೌರವ ಮಗುವಿನ ಕಣ್ಣಲ್ಲಿ ಕಡಿಮೆ ಆಗುತ್ತೆ.

ಲೈನಿನಲ್ಲೇ ಎರಡು ಮೂರು ವರ್ಷದಿಂದ ಇರೋ, ಅಂಗಡಿ-ಆಸ್ಪತ್ರೆಗೆ ಓಡಾಡಿ ಕನ್ನಡ ಕಲಿತ ಒಬ್ಬ ಹೆಂಗಸು ಇದ್ದೇ ಇರ್ತಾಳೆ. ಆಶಾ ಕಾರ್ಯಕರ್ತೆಗೆ, ಅಂಗನವಾಡಿಯವರಿಗೆ ಗೊತ್ತಿರುತ್ತೆ. ಆಕೆಯನ್ನು ಕೇಳಿ. ಪುಕ್ಕಟೆ ಬೇಡ, ಅರ್ಧ ದಿನದ ಕೂಲಿ ಕೊಡಿ.

ಆಲ್ದೂರು_ರೈಟರ್
ಬೇಜಾರು ಇಲ್ಲ ಅಕ್ಕ. ಆದರೆ ಒಂದು ತಿದ್ದುಪಡಿ. ರೈಟರಿಗೂ ಮಾಲೀಕರಿಗೂ ಮೊದಲೇ ತಿಳಿಸದೆ ಲೈನಿಗೆ ಹೋದರೆ ಮರುದಿನ ವಿಚಾರಣೆ ಆಗೋದು ಆ ಕುಟುಂಬಗಳಿಗೆ, ನಿಮಗಲ್ಲ. ಮುಖ್ಯ ಶಿಕ್ಷಕರ ಸಹಿ ಇರೋ ಒಂದು ಪತ್ರ ವಾರ ಮೊದಲು ಕೊಡಿ: ದಿನ, ಹೊತ್ತು, ಯಾರು ಬರ್ತಾರೆ, "ಇದು ಮಕ್ಕಳ ಕಲಿಕೆಯ ಮಾತು ಮಾತ್ರ, ಪೋಷಕರೊಂದಿಗೆ ಪ್ರತ್ಯೇಕವಾಗಿ ಮಾತಾಡುತ್ತೇವೆ". ಪ್ರತ್ಯೇಕವಾಗಿ ಅನ್ನೋದು ಬರವಣಿಗೆಯಲ್ಲಿ ಇದ್ದರೆ ನಮ್ಮಂಥವರು ಪಕ್ಕಕ್ಕೆ ಸರಿದು ನಿಲ್ಲೋದು ಸುಲಭ.

ಹೆಡ್‌ಮಾಸ್ಟರ್_ಅರಸೀಕೆರೆ
ಕೂಲಿ ಕೊಡಿ ಅಂತೀರಿ, ಯಾವ ಲೆಕ್ಕದಿಂದ? ಸಮಗ್ರ ಶಿಕ್ಷಣದ ಶಾಲಾ ಅನುದಾನ 30 ಮಕ್ಕಳ ತನಕ 10,000 ರೂಪಾಯಿ, 100ರ ತನಕ 25,000. ಅದರಲ್ಲಿ ಶೇ. 10 ಸ್ವಚ್ಛತೆಗೇ ಹೋಗಬೇಕು. ಉಳಿದದ್ದು ಕರೆಂಟು, ದುರಸ್ತಿ, ಸೀಮೆಸುಣ್ಣ. ಆಡಿಟ್‌ನಲ್ಲಿ ದುಭಾಷಿ ಅಂತ ಬರೆದರೆ ಉತ್ತರ ಕೊಡೋರು ಯಾರು?

ಸಿಆರ್‌ಪಿ_ಬೇಲೂರು
ಅನುದಾನ ಮುಟ್ಟಬೇಡಿ ಸರ್. ದಾನಿಗಳು ಪ್ರೊಜೆಕ್ಟರು, ಬ್ಯಾಗು ಕೊಡ್ತೀವಿ ಅಂತ ಬರ್ತಾರಲ್ಲ, ಅವರ ಹತ್ತಿರ ಇದನ್ನು ಕೇಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಡಾವಳಿ ಬರೆಸಿ, ರಸೀದಿ ಹಾಕಿ, ವೋಚರಿನಲ್ಲಿ ಆಕೆಯ ಸಹಿ ಅಥವಾ ಹೆಬ್ಬೆಟ್ಟು. ವರ್ಷಕ್ಕೆ ನಾಲ್ಕು ಸಭೆ, ಅರ್ಧ ದಿನದ ಕೂಲಿ, ಎಷ್ಟಾದೀತು ನೀವೇ ಗುಣಿಸಿ.

ಕನ್ನಡ_ಮೊದಲು
ಎಲ್ಲಾ ಸರಿ, ಆದರೆ ಬಂಗಾಳಿ, ಸಾದ್ರಿ ಅಂತ ಅವರವರ ಭಾಷೆಗೆ ನಾವು ಬಗ್ಗುತ್ತಾ ಹೋದರೆ ಆ ಮಕ್ಕಳು ಕನ್ನಡ ಕಲಿಯೋದು ಯಾವಾಗ? 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಇರೋದು ಯಾಕೆ? ಇಲ್ಲಿ ಬದುಕೋರು ಇಲ್ಲಿನ ಭಾಷೆ ಕಲಿಯಬೇಕು.

ಕೊಪ್ಪದ_ಕಡೆಯವಳು
ಕಲಿಯಬೇಕು ಅನ್ನೋದರಲ್ಲಿ ಯಾರಿಗೂ ತಕರಾರಿಲ್ಲ. ಹೇಗೆ ಬೇಗ ಕಲೀತಾರೆ ಅನ್ನೋದು ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆ 29ನೇ ಕಲಮಿನಲ್ಲೇ ಸಾಧ್ಯವಾದ ಮಟ್ಟಿಗೆ ಮಾತೃಭಾಷೆ ಅಂತ ಇದೆ.

ಸಿಆರ್‌ಪಿ_ಬೇಲೂರು
@ಕನ್ನಡ_ಮೊದಲು ತರಗತಿಯೊಳಗೆ ಹೇಗೆ ನಡೆಯುತ್ತೆ ಹೇಳ್ತೇನೆ, ಆಮೇಲೆ ಜಗಳ ಆಡೋಣ. ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸೋ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು, ಅಲ್ಲೂ ಹಾಡಿಯ ಮಕ್ಕಳು ಇದ್ದರು. ಅದರ ಚಿತ್ರ ಕಾರ್ಡು ತಗೊಳ್ಳಿ. ಕೊಡೆ ಚಿತ್ರ ತೋರಿಸಿದಾಗ ಮಗು ತನ್ನ ಮಾತಿನಲ್ಲಿ ಹೇಳಲಿ. ಟೀಚರು ಅದನ್ನು ಕನ್ನಡ ಲಿಪಿಯಲ್ಲೇ ಚಾರ್ಟಿನ ಮೇಲೆ ಬರೀಲಿ, ಪಕ್ಕದಲ್ಲಿ "ಕೊಡೆ". ನೀರು, ಅನ್ನ, ಹೊಟ್ಟೆನೋವು, ಶೌಚಾಲಯ, ಹೆದರಿಕೆ, ಸಾಕು, ಬೇಕು, ಹೀಗೆ ಮೂವತ್ತು ಪದ ಸಾಕು ಮೊದಲ ತಿಂಗಳಿಗೆ. ಮಗುವಿಗೆ ತನ್ನ ಪದ ಕನ್ನಡ ಅಕ್ಷರದಲ್ಲಿ ಗೋಡೆ ಮೇಲೆ ಕಂಡಾಗ ಅಕ್ಷರದ ಮೇಲೆ ಹಿಡಿತ ಬೇಗ ಬರುತ್ತೆ, ಯಾಕಂದ್ರೆ ಆ ಧ್ವನಿ ಅದಕ್ಕೆ ಆಗಲೇ ಗೊತ್ತು. ಬಾಯಿ ಮುಚ್ಚಿಸಿ ಕೂರಿಸಿದ ಮಗು ಕನ್ನಡವನ್ನೂ ಆಡಲ್ಲ.

ತಪ್ಪಾಗೋದು ಎಲ್ಲಿ ಅಂದರೆ, ಈ ಚಾರ್ಟು ಜೂನಿನಲ್ಲಿ ಅಂಟಿಸಿ ಮಾರ್ಚ್ ತನಕ ಹಾಗೇ ಬಿಡ್ತಾರೆ. ಎರಡು ವಾರಕ್ಕೊಮ್ಮೆ ಪದ ಬದಲಾಗಬೇಕು, ಊರಿನ ಮಕ್ಕಳೂ ಆ ಪದ ಹೇಳೋದು ಕಲೀಬೇಕು.

ಕನ್ನಡ_ಮೊದಲು
ಚಾರ್ಟಿನ ಮಾತು ಒಪ್ಪಿದೆ, ಕನ್ನಡ ಲಿಪಿ ಅನ್ನೋದು ಚೆನ್ನಾಗಿದೆ. ಆದರೆ ಅಪ್ಪ-ಅಮ್ಮಂದಿರಿಗೂ ಕನ್ನಡ ಕಲಿಸೋ ಏರ್ಪಾಡು ಇರಲೇಬೇಕು.

ಅಂಗನವಾಡಿ_ಅಕ್ಕ
ಅದು ಬೇಡ ಅಂದವರು ಯಾರು? ಅವರೇ ಕೇಳ್ತಾರೆ. ಬಸ್ ಬೋರ್ಡು ಓದೋದು, ಆಸ್ಪತ್ರೆಯಲ್ಲಿ ಎಲ್ಲಿ ನೋವು ಅಂತ ಹೇಳೋದು, ಬಟವಾಡೆ ಚೀಟಿಯ ಅಂಕಿ ನೋಡೋದು. ಲೈನಿನ ಸಭೆಯ ಕೊನೇ ಹತ್ತು ನಿಮಿಷ ಇದಕ್ಕೇ ಇಡಿ. ಪಂಚಾಯತಿ ಗ್ರಂಥಾಲಯ ಹತ್ತಿರ ಇದ್ದರೆ ಮೇಲ್ವಿಚಾರಕರನ್ನೂ ಸೇರಿಸ್ಕೊಳ್ಳಿ.

ಹೆಡ್‌ಮಾಸ್ಟರ್_ಅರಸೀಕೆರೆ
ಒಂದು ಸಂದೇಹ. ಆಧಾರ್ ಇಲ್ಲದೆ ದಾಖಲು ಮಾಡ್ಕೊಳ್ಳೋ ಹಾಗೇ ಇಲ್ಲವಲ್ಲ? ಬೇರೆ ರಾಜ್ಯದ ಟಿ.ಸಿ.ಯೂ ಇರಲ್ಲ. ಸಂಬಂಧ, ಸಹಭಾಗಿತ್ವ ಎಲ್ಲಾ ಆಮೇಲಿನ ಮಾತು.

ಕಾಯ್ದೆ_ಓದುಗ
ಸರ್, ಅದು ಹಾಗಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009, ಕಲಂ 14: ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ. ಕಲಂ 5: ಟಿ.ಸಿ. ತಡ ಆಯ್ತು ಅನ್ನೋದು ಕಾರಣ ಅಲ್ಲ. ಕಲಂ 4: ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಹತ್ತು ವರ್ಷದ ಹುಡುಗನನ್ನು ಕನ್ನಡ ಬರಲ್ಲ ಅಂತ ಒಂದನೇ ಕ್ಲಾಸಿನಲ್ಲಿ ಕೂರಿಸೋದು ಆ ಕಲಮಿಗೆ ವಿರುದ್ಧ. ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟು ಸೆಪ್ಟೆಂಬರ್ 2018ರಲ್ಲೇ ಹೇಳಿದೆ, ಶಾಲಾ ಪ್ರವೇಶಕ್ಕೆ ಕಡ್ಡಾಯ ಮಾಡುವಂತಿಲ್ಲ.

ಕಾನೂನು ಬದಿಗಿಟ್ಟರೂ ಯೋಚನೆ ಮಾಡಿ. ತೋಟಗಳಲ್ಲಿ ವಲಸೆ ಕಾರ್ಮಿಕರ ದಾಖಲೆ ತಪಾಸಣೆ ನಡೆಯೋ ಹೊತ್ತಿನಲ್ಲಿ ಶಾಲೆಯೂ ಮೊದಲ ದಿನವೇ ಗುರುತಿನ ಚೀಟಿ ಕೇಳಿದರೆ ಆ ಮಗು ನಾಳೆ ಬರಲ್ಲ. ಮೊದಲು ಹಾಜರಿಗೆ ಹೆಸರು, ಊಟ, ಪುಸ್ತಕ. ಕಾಗದ ಆಮೇಲೆ, ಒಬ್ಬೊಬ್ಬರನ್ನೇ ಕೂರಿಸಿ, ಯಾಕೆ ಬೇಕು ಅಂತ ಹೇಳಿ.

ಹೇಮಾವತಿ_ದಡ
ಹೆಸರು ಅಂದಾಗ ನೆನಪಾಯ್ತು. ಹೆಸರನ್ನು ತಾಯಿಯ ಬಾಯಲ್ಲೇ ಫೋನಿನಲ್ಲಿ ಒಮ್ಮೆ ರೆಕಾರ್ಡ್ ಮಾಡ್ಕೊಳ್ಳಿ. ದಾಖಲೆಯ ಕಾಗುಣಿತ ಮುಟ್ಟೋ ಹಾಗಿಲ್ಲ, ಆದರೆ ಹಾಜರಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಉಚ್ಚಾರ ಬರೆದಿಟ್ಟುಕೊಂಡರೆ ಹೊಸ ಟೀಚರು ಬಂದಾಗಲೂ ಮಗುವಿಗೆ ತನ್ನ ಹೆಸರು ಸಿಗುತ್ತೆ. "ನಮಗೆ ಹೇಳೋಕೆ ಕಷ್ಟ, ರಾಜು ಅಂತ ಕರೀತೀವಿ" ಅನ್ನೋದು ನಿಲ್ಲಬೇಕು.

ಕಡೂರು_ತಾಂಡಾ
ವಲಸೆ ಬಂದವರ ಮಾತೇ ಆಯ್ತು. ಇಲ್ಲೇ ಹುಟ್ಟಿದವರ ಕಥೆ ಏನು? ಶಾಲಾ ವಾರ್ಷಿಕೋತ್ಸವದಲ್ಲಿ ಬಾಡಿಗೆಗೆ ತಂದ ಲಂಬಾಣಿ ಲಂಗ ಹಾಕಿಸಿ ಕುಣಿಸ್ತಾರೆ. ತಾಂಡಾದ ಹೆಂಗಸರು ಕಸೂತಿ ಹಾಕಿದ ಬಟ್ಟೆ ಪೆಟ್ಟಿಗೆಯಲ್ಲಿ ಇದೆ, ಹಾಡು ಗೊತ್ತಿದೆ, ಅವರನ್ನು ಒಂದು ಮಾತು ಕೇಳಲ್ಲ. ಅವರು ಕೆಳಗೆ ಕೂತು ತಮ್ಮನ್ನೇ ತಪ್ಪು ತಪ್ಪಾಗಿ ಆಡಿಸೋದು ನೋಡಬೇಕು.

ಕೊಪ್ಪದ_ಕಡೆಯವಳು
ಛದ್ಮವೇಷ ಸ್ಪರ್ಧೆ ಇನ್ನೂ ಕೆಟ್ಟದ್ದು. ಮುಖಕ್ಕೆ ಮಸಿ, ಸೊಂಟಕ್ಕೆ ಸೊಪ್ಪು ಕಟ್ಟಿ "ಕಾಡುಜನ" ಅಂತ ವೇದಿಕೆ ಹತ್ತಿಸ್ತಾರೆ. ಹಸಲರ, ಮಲೆಕುಡಿಯರ ಮಕ್ಕಳು ಅದೇ ಸಭೆಯಲ್ಲಿ ಕೂತಿರ್ತಾರೆ. ಇದೊಂದನ್ನು ಈ ವರ್ಷವೇ ನಿಲ್ಲಿಸಿ, ಬೇರೆ ಏನು ಮಾಡದಿದ್ದರೂ ಪರವಾಗಿಲ್ಲ ಅನ್ನುವಷ್ಟು ಮುಖ್ಯ.

ಮೂಡಿಗೆರೆ_ಟೀಚರ್
ನಿಜ. ಹಾಗಾದರೆ ಹಾಡಿಯವರನ್ನು ಶಾಲೆಯೊಳಗೆ ಯಾವ ಪಾತ್ರದಲ್ಲಿ ಕರೆಯೋದು? ಆಹಾರ ಮೇಳ ಮಾಡಿ ಅಂತ ಸಲಹೆ ಬಂದಿದೆ.

ಕೊಪ್ಪದ_ಕಡೆಯವಳು
ಆಹಾರ ಮೇಳ ನನಗೆ ಸರಿ ಕಾಣಲ್ಲ. ಪಾತ್ರೆ ತುಂಬ ಅಡುಗೆ ತರೋದು ಖರ್ಚು, ಕೂಲಿ ಮನೆಗೆ ಭಾರ. ಯಾರ ಮೇಜಿನ ಮುಂದೆ ಜನ ನಿಲ್ಲಲ್ಲ ಅನ್ನೋದು ಮಕ್ಕಳ ಕಣ್ಣಿಗೆ ಬೀಳುತ್ತೆ. ಮೀನು, ಮಾಂಸ ಬಂತು ಅಂದರೆ ಜಗಳ.

ಅದರ ಬದಲು ಪಾಠ ಮಾಡೋಕೆ ಕರೀರಿ. ಬುಟ್ಟಿ ಹೆಣೆಯೋ ಅಜ್ಜಿಯನ್ನು ಕರೆದರೆ ಅದು ಕರಕುಶಲ ಅಂತ ಪಕ್ಕಕ್ಕೆ ಇಡೋ ವಿಷಯ ಅಲ್ಲ, ಗಣಿತ. ಒಂದೇ ಎಳೆಯಲ್ಲಿ ಮೇಲೆ-ಕೆಳಗೆ ಹೆಣೆಯುತ್ತಾ ಸುತ್ತು ಬರಬೇಕಾದರೆ ನಿಲ್ಲಿಸಿದ ಬಿದಿರು ಕಡ್ಡಿಗಳು ಬೆಸ ಸಂಖ್ಯೆಯಲ್ಲಿ ಇರಲೇಬೇಕು. ಹದಿನಾರು ಇಟ್ಟರೆ ಎರಡನೇ ಸುತ್ತಿನಲ್ಲೂ ಎಳೆ ಅದೇ ಕಡ್ಡಿಯ ಮೇಲೇ ಬಂದು ಹೆಣಿಗೆ ನಿಲ್ಲಲ್ಲ. ಹದಿನೈದು ಅಥವಾ ಹದಿನೇಳು ಇಟ್ಟರೆ ಪ್ರತಿ ಸುತ್ತಿಗೂ ಅದಲು ಬದಲಾಗಿ ಬಿಗಿಯಾಗುತ್ತೆ. ಮೂರನೇ ಕ್ಲಾಸಿಗೆ ಸಮ-ಬೆಸ ಇದಕ್ಕಿಂತ ಚೆನ್ನಾಗಿ ಯಾರು ಕಲಿಸ್ತಾರೆ? ಅದೇ ಬುಟ್ಟಿಯ ಬಾಯಿಗೆ ದಾರ ಸುತ್ತಿ ಉದ್ದ ಅಳೆದು, ಅಡ್ಡಳತೆಯಿಂದ ಭಾಗಿಸಿದರೆ ಮೂರು ಚಿಲ್ಲರೆ ಬರುತ್ತೆ, ಏಳನೇ ಕ್ಲಾಸಿನವರಿಗೆ ಅದು.

ಮಳೆಗಾಲದಲ್ಲಿ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ. ಹೆಚ್ಚಿ ಮೂರು ದಿನ ನೀರಲ್ಲಿ ನೆನೆಸೋದು, ದಿನಾ ನೀರು ಚೆಲ್ಲಿ ಬದಲಾಯಿಸೋದು ಯಾಕೆ? ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡೋ ಅಂಶ ಇದೆ. ನಮ್ಮ ಅಜ್ಜಿಯಂದಿರು ಕಂಡುಕೊಂಡ ರಸಾಯನ ವಿಜ್ಞಾನ ಅದು. ಹಳ್ಳಕ್ಕೆ ಕೂಣಿ (ಮೀನು ಹಿಡಿಯೋ ಬುಟ್ಟಿ) ಇಡೋರು ನೀರಿನ ಸೆಳೆತದ ಪಾಠ ಮಾಡಬಲ್ಲರು. ಕರೆದ ದಿನ ಕುರ್ಚಿ ಕೊಡಿ, ಕೂಲಿ ಕೊಡಿ, ಮಕ್ಕಳು "ಮೇಡಂ" ಅಂತಲೇ ಕರೆಯಲಿ.

ಹೆಡ್‌ಮಾಸ್ಟರ್_ಅರಸೀಕೆರೆ
ಪಠ್ಯ ಮುಗಿಸೋದು ಯಾವಾಗ?

ಕೊಪ್ಪದ_ಕಡೆಯವಳು
ಇದೇ ಪಠ್ಯ ಸರ್! ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದೆಯಲ್ಲ, ಅದಕ್ಕೆ ಹೊಂದಿಸಿ.

ಸಿಆರ್‌ಪಿ_ಬೇಲೂರು
ಇದಕ್ಕೆ ಹೊರಗಿನ ಆಧಾರವೂ ಇದೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಅರಿಜೋನಾದ ಟೂಸಾನ್‌ನಲ್ಲಿ ಲೂಯಿಸ್ ಮೋಲ್ ಮತ್ತು ಸಂಗಡಿಗರು ಶಿಕ್ಷಕರನ್ನೇ ಮೆಕ್ಸಿಕನ್ ಮೂಲದ ಕೂಲಿ ಕುಟುಂಬಗಳ ಮನೆಗೆ ಕಳಿಸಿದ್ದರು. ಕಲಿಸೋಕಲ್ಲ, ಆ ಮನೆಯಲ್ಲಿ ಏನೇನು ಗೊತ್ತು ಅಂತ ಕಲಿತು ಬರೋಕೆ. ಬೇಸಾಯ, ಗಣಿ, ರಿಪೇರಿ, ಮನೆಮದ್ದು, ಎಲ್ಲಾ ಪಾಠಕ್ಕೆ ಬಂತು.

ನಮ್ಮಲ್ಲಿ ಮನೆ ಭೇಟಿ ಅಂದರೆ "ಮಗು ಯಾಕೆ ಬಂದಿಲ್ಲ" ಅಂತ ವಿಚಾರಿಸೋದು. ಅದಕ್ಕೇ ಬಾಗಿಲು ಹಾಕ್ಕೊಳ್ತಾರೆ. ಇಬ್ಬರು ಹೋಗಿ, ಒಬ್ಬರು ಹೆಂಗಸು ಇರಲಿ. ಇಪ್ಪತ್ತು ನಿಮಿಷ ಸಾಕು. ಅವರೆದುರು ಫಾರಂ ತುಂಬಬೇಡಿ, ಫೋಟೋ ತೆಗೀಬೇಡಿ. ಮೊದಲ ಭೇಟಿಯಲ್ಲಿ ದೂರು ಒಂದೂ ಬೇಡ. ಚಹಾ ಕೊಟ್ಟರೆ ಕುಡೀರಿ. ಬೇಡ ಅಂದದ್ದು ಸಂಜೆ ಒಳಗೆ ಇಡೀ ಹಾಡಿಗೆ ತಿಳಿಯುತ್ತೆ, ಯಾಕೆ ಬೇಡ ಅಂದಿರಿ ಅನ್ನೋದಕ್ಕೆ ಅವರಿಗೆ ತಲೆಮಾರುಗಳ ಅನುಭವ ಇದೆ.

ಹೇಮಾವತಿ_ದಡ
ಕೊನೇ ಸಾಲು ಎಲ್ಲಾ ಸ್ಟಾಫ್ ರೂಮಿನಲ್ಲೂ ಹಾಕಬೇಕು.

ಸಕಲೇಶಪುರದವ
ಸ್ವಲ್ಪ ವಿಷಯಾಂತರ. ಮಕ್ಕಳ ಸಂಖ್ಯೆ ಕಡಿಮೆ ಅಂತ ಶಾಲೆ ವಿಲೀನದ ಮಾತು ಬಂದಾಗ ಎಷ್ಟೋ ಕಡೆ ಶಾಲೆ ಉಳಿಸಿರೋದು ಇದೇ ಲೈನಿನ ಮಕ್ಕಳು. ಊರಿನವರ ಮಕ್ಕಳು ಹಳದಿ ಬಸ್ ಹತ್ತಿ ಪೇಟೆಗೆ ಹೋದರು. ಎಸ್‌ಡಿಎಂಸಿಯಲ್ಲಿ ಮಾತ್ರ ಊರಿನವರೇ.

ಕಾಯ್ದೆ_ಓದುಗ
ವಿಷಯಾಂತರ ಅಲ್ಲ, ಇದೇ ವಿಷಯ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ 2001ರ ಸರ್ಕಾರಿ ಆದೇಶದಿಂದ ಬಂತು. 2009ರ ಕಾಯ್ದೆಯ ಕಲಂ 21 ಪ್ರಕಾರ ಸಮಿತಿಯ ನಾಲ್ಕನೇ ಮೂರು ಭಾಗ ಪೋಷಕರು, ಒಟ್ಟಿನಲ್ಲಿ ಅರ್ಧ ಹೆಂಗಸರು, ಹಿಂದುಳಿದ-ದುರ್ಬಲ ವರ್ಗದ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ. ಕಾಗದದ ಮೇಲೆ ಬಹಳ ಕಡೆ ಇದು ಸರಿಯಾಗೇ ಇರುತ್ತೆ. ಆಯ್ಕೆ ಸಭೆ ಕೆಲಸದ ದಿನ, ಶಾಲೆಯಲ್ಲಿ, ಒಂದೇ ನೋಟಿಸು ಬೋರ್ಡಿನಲ್ಲಿ. ಬಂದವರೇ ಸದಸ್ಯರು. ಹೆಸರಿಗೆ ಸದಸ್ಯೆ ಆದವಳ ಮನೆಗೆ ಪುಸ್ತಕ ಹೋಗುತ್ತೆ, ಸಹಿ ಬರುತ್ತೆ.

ಮಾಡಬೇಕಾದ್ದು: ಹಾಡಿ, ಲೈನು, ಕಾಲೊನಿ, ಊರು, ಪ್ರತಿ ಕಡೆ ವಾರ ಮೊದಲು ಸಣ್ಣ ಸಭೆ. ಅಲ್ಲೇ ಅವರು ತಮ್ಮ ಹೆಸರು ಆರಿಸಲಿ, ಶಾಲೆಯ ದೊಡ್ಡ ಸಭೆಯಲ್ಲಿ ಅದು ಅಂತಿಮ ಆಗಲಿ. ಎಲ್ಲರೂ ಜಮಖಾನದ ಮೇಲೆ, ಇಲ್ಲಾ ಎಲ್ಲರೂ ಬೆಂಚಿನ ಮೇಲೆ. ಅಧ್ಯಕ್ಷರಿಗೆ ಕುರ್ಚಿ, ಹಾಡಿಯವರು ಬಾಗಿಲ ಹತ್ತಿರ ನಿಂತಿರೋದು ಅಂದರೆ ಆ ಸಭೆ ಶುರುವಾಗೋ ಮೊದಲೇ ಮುಗಿದಿದೆ. ವಲಸೆ ಕುಟುಂಬ ನಡುವೆ ಊರಿಗೆ ಹೋಗಬಹುದು, ಹಾಗಾಗಿ ಅವರಲ್ಲಿ ಒಬ್ಬರು ಸದಸ್ಯರಾಗಿ, ಇನ್ನಿಬ್ಬರು ಆಹ್ವಾನಿತರಾಗಿ ಇರಲಿ.

ಅಂಗನವಾಡಿ_ಅಕ್ಕ
ಸುದ್ದಿ ಮುಟ್ಟಿಸೋಕೆ ಇನ್ನೊಂದು ದಾರಿ: ಶುಕ್ರವಾರದ ನಮಾಜ್ ಆದ ಮೇಲೆ ಮಸೀದಿಯಲ್ಲಿ, ಭಾನುವಾರ ಪೂಜೆ ಆದ ಮೇಲೆ ಚರ್ಚಿನಲ್ಲಿ, ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಎರಡು ಮಾತು ಹೇಳಿಸಿ. ಎಲ್ಲಾ ಕಡೆ ಒಂದೇ ಸಂದೇಶ ಹೋಗಲಿ, ಒಂದು ಕಡೆ ಬಿಟ್ಟರೂ "ನಮ್ಮನ್ನು ಕರೆದಿಲ್ಲ" ಆಗುತ್ತೆ. ಸಭೆ ದಿನ ಹಬ್ಬದ ಮುನ್ನಾದಿನ ಬೀಳದ ಹಾಗೆ ಕ್ಯಾಲೆಂಡರಿನಲ್ಲಿ ರಂಜಾನ್, ಸುಗ್ಗಿ, ದುರ್ಗಾಪೂಜೆ, ಕ್ರಿಸ್‌ಮಸ್, ಏಪ್ರಿಲ್ ನಡುವಿನ ಬಿಹು, ಎಲ್ಲಾ ಗುರುತು ಹಾಕಿಡಿ.

ಮೂಡಿಗೆರೆ_ಟೀಚರ್
ತುಂಬಾ ಉಪಯೋಗ ಆಯ್ತು. ಕೊನೇ ಪ್ರಶ್ನೆ. ರೋಬಸ್ಟಾ ಮುಗಿದ ಕೂಡಲೇ ಕೆಲವು ಕುಟುಂಬ ಹೇಳದೆ ಹೊರಟು ಹೋಗ್ತಾರೆ. ಪರೀಕ್ಷೆ ತಪ್ಪುತ್ತೆ, ಮಗು ಶಾಲೆ ಬಿಟ್ಟದ್ದು ಅಂತ ದಾಖಲಾಗುತ್ತೆ. ಇದಕ್ಕೇನು ದಾರಿ?

ಹೇಮಾವತಿ_ದಡ
ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಹಕ್ಕಿಪಿಕ್ಕಿ ಕಾಲೊನಿಯಂಥ ಕಡೆಯೂ ಇದೇ ಪ್ರಶ್ನೆ ಬರುತ್ತೆ, ವ್ಯಾಪಾರಕ್ಕೆ ಅಂತ ತಿಂಗಳುಗಟ್ಟಲೆ ಹೊರಗೆ ಹೋಗುವ ಮನೆಗಳಲ್ಲಿ. ಅಲ್ಲಿ ಅಜ್ಜ-ಅಜ್ಜಿ ಊರಲ್ಲೇ ಉಳಿಯೋದರಿಂದ ಅವರನ್ನೇ ಪೋಷಕರು ಅಂತ ಸಭೆಗೆ ಕರೆದರೆ ಮಗು ಉಳಿಯೋ ಸಾಧ್ಯತೆ ಜಾಸ್ತಿ. ಹೋಗೋದು ತಪ್ಪು ಅಂತ ಬೈದರೆ ಮುಂದಿನ ಸಲ ಹೇಳದೇ ಹೋಗ್ತಾರೆ.

ಸಿಆರ್‌ಪಿ_ಬೇಲೂರು
ಲೈನಿನವರಿಗೆ: ಜನವರಿ ಕೊನೆಯ ಸಭೆಯಲ್ಲಿ "ಯಾವಾಗ ಊರಿಗೆ, ವಾಪಸ್ ಬರ್ತೀರಾ" ಅಂತ ಸಲೀಸಾಗಿ ಕೇಳಿ ಬರೆದಿಟ್ಟುಕೊಳ್ಳಿ. ಹೊರಡೋ ವಾರ ಮೊದಲು ಒಂದು ಪ್ಲಾಸ್ಟಿಕ್ ಕವರು ಕೊಡಿ. ಅದರಲ್ಲಿ ಟಿ.ಸಿ., ಅಂಕಪಟ್ಟಿಯ ನಕಲು, ಯುಡೈಸ್ ಪ್ಲಸ್‌ನ (ಶಾಲೆ-ಮಕ್ಕಳ ಮಾಹಿತಿಯ ದೇಶದ ಪೋರ್ಟಲ್) ಪೆನ್ ಸಂಖ್ಯೆ, ಅಂದರೆ ಮಗುವಿನ ಶಾಶ್ವತ ಶಿಕ್ಷಣ ಸಂಖ್ಯೆ, ಮಗು ಎಲ್ಲಿಯ ತನಕ ಓದುತ್ತೆ, ಎಷ್ಟು ಲೆಕ್ಕ ಮಾಡುತ್ತೆ ಅಂತ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಐದು ಸಾಲು, ಶಾಲೆಯ ಫೋನ್ ನಂಬರು. ಮಗು ಹೋದ ಮೇಲೆ ಅದೇ ಪೋರ್ಟಲಿನಲ್ಲಿ ಹೆಸರನ್ನು ಡ್ರಾಪ್‌ಬಾಕ್ಸ್‌ಗೆ (ಶಾಲೆ ಬಿಟ್ಟುಹೋದ ಮಕ್ಕಳ ಪಟ್ಟಿ) ಹಾಕಲೇಬೇಕು, ಇಲ್ಲದಿದ್ದರೆ ಅಲ್ಲಿನ ಶಾಲೆಯವರು ಎಷ್ಟು ಒದ್ದಾಡಿದರೂ ಹೆಸರು ಎಳೆದುಕೊಳ್ಳೋಕೆ ಆಗಲ್ಲ. ಮತ್ತೆ ಕವರಿನ ಪ್ರತಿ ಹಾಳೆಯ ಫೋಟೋ ತಾಯಿಯ ಫೋನಿಗೂ ಅಪ್ಪನ ಫೋನಿಗೂ ಅಲ್ಲೇ ಕಳಿಸಿಬಿಡಿ. ಮೂರು ದಿನದ ರೈಲಿನಲ್ಲಿ ಕಾಗದ ಕಳೆದುಹೋಗೋದು ಮಾಮೂಲು.